ಫೋನ್ ಇಡುವಾಗ ಆಡಿದ ಮಾತು

ಮೇ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಹತ್ತೂಕಾಲಿಗೆ, ತಿಪಟೂರಿನ ಪೊಲೀಸ್ ಠಾಣೆಗೆ ಇಬ್ಬರು ಹೆಣ್ಣುಮಕ್ಕಳು ಬಂದರು. ಚಿಕ್ಕವಳು ಅಳುತ್ತಿದ್ದಳು, ದೊಡ್ಡವಳು ಅವಳ ಬೆನ್ನು ಸವರುತ್ತಿದ್ದಳು. ಯಾವನೋ ಹುಡುಗನ ವಿಷಯವಿರಬೇಕು ಅಂದುಕೊಂಡು ಇನ್ಸ್‌ಪೆಕ್ಟರ್ ಶಾಂತಕುಮಾರಿ ಇಬ್ಬರನ್ನೂ ತಮ್ಮ ಕೋಣೆಯಲ್ಲೇ ಕೂರಿಸಿಕೊಂಡರು.

"ನನ್ನ ಸೀಟು ಹೋಯ್ತು ಮೇಡಂ," ಎಂದಳು ಅಳುತ್ತಿದ್ದವಳು.

"ಬಸ್ಸಲ್ಲಾ?" ಎಂದರು ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಸಣ್ಣತಿಮ್ಮಯ್ಯ.

ಶಾಂತಕುಮಾರಿ ದುರುಗುಟ್ಟಿ ನೋಡಿದ ಮೇಲೆ ಅವರು ನೀರು ತರಲು ಹೋದರು.

ಹುಡುಗಿಯ ಹೆಸರು ಲಿಖಿತಾ. ಊರಿನ ಕೊಬ್ಬರಿ ವರ್ತಕ ಮಲ್ಲಿಕಾರ್ಜುನಯ್ಯನವರ ಒಬ್ಬಳೇ ಮಗಳು. ಉತ್ತರದ ಕಡೆಯ ಹೆಸರುವಾಸಿ ಬಿಸಿನೆಸ್ ಸ್ಕೂಲೊಂದರಲ್ಲಿ ಎಂಬಿಎ ಸೀಟು ಸಿಕ್ಕಿ ತಿಂಗಳಾಗಿತ್ತು. ಮೊನ್ನೆ ಭಾನುವಾರ ಯಾರೋ ಅವಳ ಹೆಸರಿನಲ್ಲಿ ಕಾಲೇಜಿನ ವೆಬ್‌ಸೈಟಿಗೆ ಹೋಗಿ 'ನನಗೆ ಸೀಟು ಬೇಡ' ಎಂದು ಒತ್ತಿಬಿಟ್ಟಿದ್ದರು. ಖಾತರಿಗೆ ಒಟಿಪಿ ಬಂದಿದ್ದು ಅವಳದೇ ಫೋನಿಗೆ. ಕಾಲೇಜಿನವರು ಇನ್ನೂ ಖಾತರಿಯಾಗಲಿ ಅಂತ ಅದೇ ಫೋನಿಗೆ ಕರೆ ಮಾಡಿ ಕೇಳಿದ್ದರು. ಹೆಣ್ಣುದನಿಯೊಂದು, ನಾನೇ ಲಿಖಿತಾ, ನನಗೆ ಬೇಡ ಎಂದಿತ್ತು. ಲಿಖಿತಾಗೆ ಗೊತ್ತಾಗಿದ್ದು ಸೋಮವಾರ ಸಂಜೆ, ಕಾಲೇಜಿನಿಂದ ಬೀಳ್ಕೊಡುಗೆಯ ಮೇಲ್ ಬಂದಾಗ.

"ಶುಕ್ರವಾರದ ಒಳಗೆ ಪೊಲೀಸರು ಇದು ಮೋಸ ಅಂತ ತಿಳಿಸಿದ್ರೆ ಸೀಟು ವಾಪಸ್ಸು ಕೊಡ್ತಾರಂತೆ. ಇಲ್ಲಾಂದ್ರೆ ವೇಟಿಂಗ್ ಲಿಸ್ಟಲ್ಲಿರೋರಿಗೆ ಹೋಗುತ್ತೆ," ಎಂದಳು ಜೊತೆಗಿದ್ದ ದೊಡ್ಡವಳು. "ನಾನು ಇವಳ ದೊಡ್ಡಪ್ಪನ ಮಗಳು, ಗಿರಿಜಾಂಬಿಕಾ. ಇವರ ಮನೇಲೇ ಇರೋದು."

ದೂರು ಬರೆದುಕೊಟ್ಟವಳೂ ಅವಳೇ. ಲಿಖಿತಾ ಸಹಿ ಹಾಕಿದಳು. ಹೇಳಬೇಕಾದ್ದಷ್ಟೇ ಇದ್ದ ಆ ದೂರು ಓದಿ, ದಿನಾ ಬರುವ ದೂರುಗಳು ಹೀಗಿದ್ದರೆ ನನ್ನ ತಲೆನೋವು ಅರ್ಧ ಇಳಿಯುತ್ತಿತ್ತು ಎಂದುಕೊಂಡರು ಶಾಂತಕುಮಾರಿ. ಆ ಹೆಣ್ಣುಮಗಳು ಅವರಿಗೆ ಅಲ್ಲೇ ಹಿಡಿಸಿಬಿಟ್ಟಳು.

ಬೇರೊಬ್ಬರ ಗುರುತು ಬಳಸಿ ವಂಚಿಸಿದ್ದಕ್ಕೆ ಐಟಿ ಕಾಯ್ದೆಯಡಿ ಎಫ್‌ಐಆರ್ ಆಯಿತು. ಆ ಕಾಯ್ದೆಯ ಕೇಸನ್ನು ಇನ್ಸ್‌ಪೆಕ್ಟರೇ ತನಿಖೆ ಮಾಡಬೇಕು, ಕೆಳಗಿನವರ ತಲೆಗೆ ಕಟ್ಟುವಂತಿಲ್ಲ. ಇಬ್ಬರು ಪಂಚರನ್ನು ಕರೆಸಿ, ಪಂಚನಾಮೆ ಮಾಡಿ, ಲಿಖಿತಾಳ ಫೋನನ್ನು ವಶಕ್ಕೆ ಪಡೆದು ಸೀಲ್ ಹಾಕಿದರು. ಅವಳ ಸಿಮ್ಮನ್ನು ಮಾತ್ರ ಹಳೆಯ ಫೋನಿಗೆ ಹಾಕಿಸಿ ಕೊಟ್ಟರು.

ಮಧ್ಯಾಹ್ನ ಬಂದ ಮಲ್ಲಿಕಾರ್ಜುನಯ್ಯನವರದು ಒಂದೇ ಹಟ. "ಹ್ಯಾಕರ್ ಮೇಡಂ. ಡೆಲ್ಲಿ ಕಡೆಯೋರು."

ಬುಧವಾರ ಕರೆ ವಿವರ ಬಂತು. ಭಾನುವಾರ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಕಾಲೇಜಿನ ಕರೆ ಬಂದಾಗ ಫೋನು ದಬ್ಬೇಘಟ್ಟದ ಟವರಿನಡಿ ಇತ್ತು. ಹ್ಯಾಕರನಿಗೆ ಡೆಲ್ಲಿಯಿಂದ ದಬ್ಬೇಘಟ್ಟದ ಬಸ್ಸು ಹತ್ತಿ ಬರುವಷ್ಟು ಪುರುಸೊತ್ತು ಇರಲಾರದು.

"ಭಾನುವಾರ ದಬ್ಬೇಘಟ್ಟದಲ್ಲಿ ಏನಿತ್ತು?" ಎಂದು ಲಿಖಿತಾಳನ್ನು ಕೇಳಿದರು.

"ನಮ್ಮತ್ತೆ ಮೊಮ್ಮಗೂದು ನಾಮಕರಣ. ಎಲ್ರೂ ಹೋಗಿದ್ವಿ."

"ಫೋನ್ ಎಲ್ಲಿತ್ತು?"

"ನಡುಮನೇಲಿ ಚಾರ್ಜಿಗೆ ಹಾಕಿದ್ದೆ. ಹೆಂಗಸ್ರೆಲ್ಲ ಓಡಾಡ್ತಿದ್ರು."

"ನಿನ್ನ ಸೀಟಿನ ಮೇಲೆ ಕಣ್ಣಿದ್ದೋರು ಯಾರಾದ್ರೂ ಬಂದಿದ್ರಾ?"

ಲಿಖಿತಾ ತಲೆ ತಗ್ಗಿಸಿದಳು. "ಯೋಗಿತಾ ಬಂದಿದ್ಲು. ನನ್ನ ಫ್ರೆಂಡು. ಅದೇ ಕಾಲೇಜಿನ ವೇಟಿಂಗ್ ಲಿಸ್ಟಲ್ಲಿ ಅವಳೇ ಮೊದಲನೆಯವಳು."

ಶಾಂತಕುಮಾರಿಗೆ ಕೇಸು ಮುಗಿದೇಹೋಯಿತು ಅನ್ನಿಸಿತು. ಜೀಪು ತುರುವೇಕೆರೆ ದಾರಿ ಹಿಡಿಯಿತು.

ತುರುವೇಕೆರೆಯಲ್ಲಿ ಯೋಗಿತಾ ತೋಟದ ಮನೆಯ ಜಗಲಿಯ ಮೇಲೆಯೇ ಉತ್ತರ ಕೊಟ್ಟಳು. ಒಳಗೆ ಕರೆಯಲಿಲ್ಲ, ಹೆದರಲೂ ಇಲ್ಲ.

"ಲಿಖಿತಾ ಫೋನ್ ಮುಟ್ಟಿದ್ಯಾ?"

"ಇಲ್ಲ."

"ಅವಳು ಬುಟ್ಟರೆ ಸೀಟು ನಿಂದೇ ಅಲ್ವಾ?" ಇದು ಸಣ್ಣತಿಮ್ಮಯ್ಯ.

"ಹೌದು, ನಂದೇ ಕಣ್ರೀ. ಪ್ರವೇಶ ಪರೀಕ್ಷೇಲಿ ನಂಗೆ ತೊಂಬತ್ತೇಳು ಪರ್ಸೆಂಟೈಲು. ನೂರು ಜನದಲ್ಲಿ ತೊಂಬತ್ತೇಳು ಜನ ನನ್ನ ಹಿಂದೆ. ಅವಳಿಗೆ ಎಂಬತ್ತೆಂಟು. ಅವಳು ಒಳಗೆ, ನಾನು ಹೊರಗೆ. ಹೊಟ್ಟೆ ಉರಿಯಲ್ವಾ? ಉರೀತು. ಅವಳ ಎದುರಿಗೇ ಹೇಳ್ದೆ. ಕದ್ದು ಮಾಡೋ ಕೆಲಸ ನಂಗೆ ಬರಲ್ಲ."

"ಎಂಬತ್ತೆಂಟು ಬಂದೋಳಿಗೆ ಹೆಂಗೆ ಸಿಕ್ತು?"

"ಅವಳನ್ನೇ ಕೇಳಿ. ನಾಮಕರಣದ ಮನೇಲಿ ಬಾವಿ ಹತ್ರ ನಿಂತು ನಂಗೆಲ್ಲ ಹೇಳಿದ್ಲು, ಇಂಟರ್ವ್ಯೂನಲ್ಲಿ ಏನೇನು ಹೇಳಿ ಗೆದ್ದೆ ಅಂತ. ನಾನು ಕೇಳ್ಕೊಂಡು, ಪಾನಕ ಕುಡಿದು, ಊಟಕ್ಕೂ ನಿಲ್ಲದೆ ಬಂದ್ಬಿಟ್ಟೆ."

ಜೀಪಿನಲ್ಲಿ ಸಣ್ಣತಿಮ್ಮಯ್ಯ, "ಇವಳೇ ಕಣ್ರೀ ಮೇಡಂ, ಬಾಯಿ ನೋಡಿ," ಎಂದರು. ಶಾಂತಕುಮಾರಿಗೆ ಮಾತ್ರ ಸಂಶಯ ಹತ್ತಿತ್ತು. ಹೊಟ್ಟೆಕಿಚ್ಚನ್ನು ಇಷ್ಟು ಬಾಯಿಬಿಟ್ಟು ಹೇಳುವವರು ಅಪರೂಪ.

ವಾಪಸ್ಸು ಬರುವಾಗ ಮಲ್ಲಿಕಾರ್ಜುನಯ್ಯನವರ ಮಂಡಿಗೆ ಹೋದರು. ಕೆಳಗೆ ವ್ಯಾಪಾರ, ಹಿಂದೆ ಮನೆ, ಮೇಲೆ ಸಾಲು ಅಟ್ಟ. ಅಟ್ಟದ ತುಂಬ ಕಾಯಿ. ವರ್ಷವಿಡೀ ಅಲ್ಲೇ ಬಿದ್ದಿದ್ದು, ಚಿಪ್ಪಿನೊಳಗೇ ನೀರಿಂಗಿ ಉಂಡೆ ಕೊಬ್ಬರಿಯಾಗಬೇಕು. ಗಿರಿಜಾಂಬಿಕಾ ಮೇಲೆ ನಿಂತು, ಒಣಗಿದ ಉಂಡೆಯ ಸದ್ದು ಬರುತ್ತದೆಯೇ ಎಂದು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಲಿಖಿತಾ ಮೂಗಿಗೆ ದುಪಟ್ಟಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಧೂಳಿಗೆ ಅವಳಿಗೆ ಸೀನು ಬರುತ್ತಿತ್ತು.

"ತೊಂಬತ್ತೇಳು ಬಂದೋಳು ಹೊರಗೆ, ನೀನು ಒಳಗೆ. ಹೆಂಗಮ್ಮ?" ಎಂದರು ಶಾಂತಕುಮಾರಿ.

"ಪರೀಕ್ಷೆ ಬಾಗಿಲು ತೆಗೆಯುತ್ತೆ ಅಷ್ಟೇ ಮೇಡಂ," ಎಂದಳು ಲಿಖಿತಾ. ಆ ವಿಷಯ ಬಂದ ಕೂಡಲೇ ಅವಳ ಮುಖ ಅರಳಿತ್ತು. "ಇಂತಿಷ್ಟು ಬಂದೋರನ್ನೆಲ್ಲ ಕರೀತಾರೆ. ಕರೆದ ಮೇಲೆ ಅಂಕಕ್ಕೆ ಅಷ್ಟು ಬೆಲೆ ಇಲ್ಲ. ಏನು ಕೆಲಸ ಮಾಡಿದೀಯ, ಏನು ಬದಲಾಯಿಸಿದೀಯ, ಅದೇ ಮುಖ್ಯ. ನಾನು ನಮ್ಮ ಅಟ್ಟದ ವಿಷಯ ಹೇಳ್ದೆ. ಮುಂಚೆ ಎಲ್ಲ ತೋಟದ ಕಾಯೀನೂ ಒಟ್ಟಿಗೆ ಸುರೀತಿದ್ರು, ಅಡಿಯಲ್ಲಿದ್ದದ್ದು ಕೌಟು ಹಿಡಿದು ಹಾಳಾಗೋದು. ಈಗ ಒಂದೊಂದು ತೋಟಕ್ಕೆ ಒಂದೊಂದು ಅಂಕಣ. ಮೊದಲು ಒಣಗಿದ್ದು ಮೊದಲು ಕೆಳಗಿಳಿಯುತ್ತೆ. ಅರ್ಧ ಗಂಟೆ ಅದನ್ನೇ ಕೇಳಿದ್ರು."

ಶಾಂತಕುಮಾರಿ ಕೈಗೆ ಸಿಕ್ಕಿದ ಕಾಯಿಯೊಂದನ್ನು ಅವಳಿಗೆ ಕೊಟ್ಟರು. "ಇದು ಒಣಗಿ ಆಯ್ತಾ?"

ಲಿಖಿತಾ ಅದನ್ನು ಹಿಡಿದುಕೊಂಡು ಮೇಲೆ ನೋಡಿದಳು. "ಗಿರಿಜಕ್ಕ?"

ಗಿರಿಜಾಂಬಿಕಾ ಇಳಿದು ಬಂದು ಕಾಯಿ ಅಲ್ಲಾಡಿಸಿ, "ಇನ್ನೊಂದು ತಿಂಗಳು," ಎಂದಳು. ಆಮೇಲೆ ಎಲ್ಲರಿಗೂ ಕಾಫಿ ತಂದುಕೊಟ್ಟಳು. ಒಳ್ಳೆಯ ಕಾಫಿ. ಶಾಂತಕುಮಾರಿ ಅದನ್ನು ಕುಡಿದು ಎದ್ದರು. ಕಣ್ಣೆದುರಿಗೆ ನಡೆದದ್ದನ್ನು ಅವರು ಕಂಡಿದ್ದರು, ಆದರೆ ಅದರ ಅರ್ಥ ಅವರಿಗೆ ಹೊಳೆದದ್ದು ಮರುದಿನ.

ಗುರುವಾರ ಹನ್ನೊಂದಕ್ಕೆ ಕಾಲೇಜಿನಿಂದ ಕರೆಯ ಧ್ವನಿಮುದ್ರಣ ಬಂತು. ಇಡೀ ಮಾತು ಇಂಗ್ಲಿಷಿನಲ್ಲಿತ್ತು, ಒಂದು ನಿಮಿಷವೂ ಇರಲಿಲ್ಲ. ಹಿಂದೆ ತಟ್ಟೆ ಲೋಟದ ಸದ್ದು, ಮಗುವಿನ ಅಳು. ಯೆಸ್, ಐ ಆಮ್ ಲಿಖಿತಾ. ನೋ, ಐ ಡೋಂಟ್ ವಾಂಟ್ ಇಟ್. ದನಿ ಪಿಸುಗುಟ್ಟಿದಷ್ಟು ಸಣ್ಣಗಿತ್ತು, ಯಾರದೂ ಆಗಬಹುದಿತ್ತು. ಥ್ಯಾಂಕ್ಯೂ ಸರ್ ಎಂದ ಮೇಲೆ, ಕರೆ ಕಡಿಯುವ ಮುಂಚೆ, ಒಂದೇ ಒಂದು ಕನ್ನಡದ ಮಾತು.

"ಬತ್ತೀನಿ."

ಸಣ್ಣತಿಮ್ಮಯ್ಯ ನಕ್ಕುಬಿಟ್ಟರು. "ಇದ್ಯಾರಪ್ಪ! ಮನೆಯಿಂದ ಹೊರಡೋವಾಗ ಬತ್ತೀನಿ ಅಂತಾರೆ. ಫೋನಲ್ಲಿ 'ಇಡ್ತೀನಿ' ಅಲ್ವಾ ಮೇಡಂ ಅನ್ನೋದು? ಬತ್ತೀನಿ ಅಂದ್ರೆ ಎಲ್ಲಿಗೆ ಬತ್ತಾಳೆ ಇವಳು, ಬೇಡ ಅಂದ ಕಾಲೇಜಿಗಾ?"

ಶಾಂತಕುಮಾರಿ ನಗಲಿಲ್ಲ. ಧ್ವನಿ ಪರೀಕ್ಷೆಗೆ ಕೋರ್ಟಿನ ಅನುಮತಿ ಬೇಕು, ಪ್ರಯೋಗಾಲಯದ ವರದಿಗೆ ತಿಂಗಳುಗಳು ಬೇಕು. ಸೀಟಿಗೆ ಉಳಿದಿದ್ದು ನಾಳೆ ಒಂದೇ ದಿನ. ಅವರು ಫೋನ್ ತೆಗೆದುಕೊಂಡು, ನಾಮಕರಣದ ಮನೆಯಲ್ಲಿದ್ದ ಹೆಂಗಸರಿಗೆ ಒಬ್ಬೊಬ್ಬರಿಗೇ ಕರೆ ಮಾಡಿದರು. ಎಲ್ಲರಿಗೂ ಒಂದೇ ಮಾತು: ಸ್ಟೇಷನ್ನಿಗೆ ಬರಬೇಕಾಗಬಹುದು, ಊರಲ್ಲೇ ಇರಿ. ಹೇಳಿ ಸುಮ್ಮನಾಗಿ, ಅವರೇ ಫೋನ್ ಇಡಲಿ ಎಂದು ಕಾದರು.

"ಬೈ ಮೇಡಂ," ಎಂದಳು ಲಿಖಿತಾ.

"ಬಂದ್ರಾಯ್ತು ಬುಡಿ, ಇಡ್ತೀನಿ," ಎಂದು ಯೋಗಿತಾ ಪಟ್ಟನೆ ಇಟ್ಟಳು.

ದಬ್ಬೇಘಟ್ಟದ ಅತ್ತೆಯೂ ಇಡ್ತೀನಿ ಎಂದರು, ಅವರ ಸೊಸೆಯೂ ಇಡ್ತೀನಿ ಎಂದಳು. ಕೊನೆಗೆ ಉಳಿದವಳು ಗಿರಿಜಾಂಬಿಕಾ. ಅವಳಿಗೆ ಕರೆ ಮಾಡುವಾಗ ಶಾಂತಕುಮಾರಿಗೆ ಅನುಮಾನವೇನೂ ಇರಲಿಲ್ಲ, ಲೆಕ್ಕಕ್ಕೆ ಒಂದು ಕರೆ ಅಷ್ಟೇ.

"ಆಗಲಿ ಮೇಡಂ, ಮಂಡಿಯಲ್ಲೇ ಇರ್ತೀನಿ. ಬತ್ತೀನಿ."

ಶಾಂತಕುಮಾರಿ ಧ್ವನಿಮುದ್ರಣದ ಕೊನೆಯನ್ನು ಇನ್ನೊಮ್ಮೆ ಹಾಕಿ ಕೇಳಿದರು. ಕಳ್ಳರು ಮೋಸ ಮಾಡಿದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಅದು ಅವರ ಕಸುಬು. ಇವಳು ಅಳುವವಳ ಬೆನ್ನು ಸವರುತ್ತ ಕರೆತಂದವಳು. ತನ್ನ ಮೇಲಿನ ದೂರನ್ನು ತಾನೇ ಬರೆದುಕೊಟ್ಟವಳು. ಅವಳ ಕಾಫಿ ಕುಡಿದು ಬಂದದ್ದು ನೆನಪಾಗಿ ಅವರಿಗೆ ಮೈಯೆಲ್ಲ ಉರಿಯಿತು.

ಹೆಂಗಸನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಮೂರು ಗಂಟೆಗೇ ಕರೆಸಿದರು. ಅವಳು ಒಬ್ಬಳೇ ಬಂದಳು. ತಲೆಗೂದಲಲ್ಲಿ ಅಟ್ಟದ ನಾರು ಅಂಟಿತ್ತು.

"ಫೋನ್ ಇಡುವಾಗ ಬತ್ತೀನಿ ಅಂತೀಯಲ್ಲ, ಯಾಕೆ?" ಎಂದರು ಶಾಂತಕುಮಾರಿ.

ಗಿರಿಜಾಂಬಿಕಾಗೆ ಪ್ರಶ್ನೆ ವಿಚಿತ್ರವೆನಿಸಿರಬೇಕು. ಆದರೂ ಹೇಳಿದಳು. "ನಂಗೆ ಹನ್ನೆರಡು ವರ್ಷ. ರಜಕ್ಕೆ ಚಿಕ್ಕಪ್ಪನ ಮನೆಗೆ ಬಂದಿದ್ದೆ. ಅಮ್ಮ ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡಿಂದ ಮಂಡಿ ಫೋನಿಗೆ ಮಾಡಿದ್ಲು. ಬಸ್ ಬಂತು, ಇಡ್ತೀನಿ ಕಣೇ ಅಂದ್ಲು. ಆ ಬಸ್ಸು ದಾರೀಲಿ ಪಲ್ಟಿ ಆಯ್ತು, ಅಪ್ಪ ಅಮ್ಮ ಇಬ್ರೂ ಅಲ್ಲೇ ಹೋಗ್ಬಿಟ್ರು. ಆವತ್ತಿಂದ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ ಮೇಡಂ. ಬತ್ತೀನಿ ಅಂದ್ರೆ ಬತ್ತಾರೆ ಅಂತ."

ಶಾಂತಕುಮಾರಿ ಧ್ವನಿಮುದ್ರಣ ಹಾಕಿದರು. ಕೊನೆಯ ಮಾತು ಬಂದಾಗ ಗಿರಿಜಾಂಬಿಕಾ ಕಣ್ಣು ಮುಚ್ಚಿದಳು.

"ಹೌದು, ನಾನೇ."

"ಯಾಕೆ? ಸಾಕಿದ ಮನೆ. ಅಕ್ಕ ಅಕ್ಕ ಅಂತ ಹಿಂದೆ ಸುತ್ತೋ ಹುಡುಗಿ."

"ಹತ್ತನೇ ಕ್ಲಾಸಿಂದ ಅವಳಿಗೆ ಲೆಕ್ಕ ಹೇಳ್ಕೊಟ್ಟಿದ್ದು ನಾನು. ಈ ಪರೀಕ್ಷೆಗೂ ನಾನೇ. ಅರ್ಜಿ ತುಂಬಿದ್ದೂ ನಾನೇ, ಪಾಸ್‌ವರ್ಡ್ ಎಲ್ಲ ನಂಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ನಾನೂ ಬರೆದಿದ್ದೆ ಮೇಡಂ. ತೊಂಬತ್ತೊಂಬತ್ತು ಬಂದಿತ್ತು. ಅದೇ ಕಾಲೇಜು ಕರೀತು. ಡಿಗ್ರಿ ಆದ್ಮೇಲೆ ಇಷ್ಟು ವರ್ಷ ಏನ್ ಮಾಡ್ದೆ ಅಂದ್ರು. ಮನೇಲಿದ್ದೆ ಅಂದೆ."

"ಮನೇಲಾ? ಅಟ್ಟ ನೋಡ್ಕೊಳ್ತಿದ್ದೆ ಅನ್ನಬೇಕಿತ್ತು."

"ಅದು ಕೆಲಸ ಅಂತ ನಂಗೇ ಗೊತ್ತಿರಲಿಲ್ಲ. ಹುಡುಗಿ ಏನ್ ಮಾಡ್ತಾಳೆ ಅಂತ ಯಾರಾದ್ರೂ ಕೇಳಿದ್ರೆ ಚಿಕ್ಕಪ್ಪ ಹಂಗೇ ಹೇಳೋರು, ಮನೇಲಿದಾಳೆ ಅಂತ. ನಾನೂ ಹಂಗೇ ಹೇಳ್ದೆ. ಕಳಿಸಿಬಿಟ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಅಂಕಣ ಮಾಡಿದ್ದು ನಾನು. ಎರಡು ವರ್ಷ ಚಿಕ್ಕಪ್ಪನ ಜೊತೆ ಜಗಳ ಆಡಿ ಮಾಡಿದ್ದು. ಭಾನುವಾರ ಬಾವಿ ಹತ್ರ ಪಾನಕದ ತಟ್ಟೆ ಹಿಡ್ಕೊಂಡು ಹೋದೆ. ಅವಳು ಯೋಗಿತಾಗೆ ಹೇಳ್ತಿದ್ಲು: ನಾನು ಹಿಂಗ್ ಮಾಡ್ದೆ, ನಾನು ಹಂಗ್ ಮಾಡ್ದೆ. ನನ್ನ ಹೆಸರು ಒಂದ್ಸಲ ಬರಲಿಲ್ಲ. ನನ್ನ ನೋಡಿ ನಿಲ್ಲಿಸಲೂ ಇಲ್ಲ ಮೇಡಂ, ಪಾನಕ ತಗೊಂಡು ಥ್ಯಾಂಕ್ಸ್ ಅಕ್ಕ ಅಂದ್ಲು."

ಸಣ್ಣತಿಮ್ಮಯ್ಯ ನೀರಿನ ಲೋಟ ತಂದು ಅವಳೆದುರು ಇಟ್ಟರು. ಅವಳು ಅದನ್ನು ಮುಟ್ಟಲಿಲ್ಲ.

"ನನ್ನ ಅಂಕ ಕದಿಯೋಕೆ ಯಾರಿಗೂ ಆಗಲ್ಲ. ಆದ್ರೆ ಅಂಕಕ್ಕೆ ಬೆಲೆ ಇಲ್ವಂತಲ್ಲ. ಬೆಲೆ ಇದ್ದದ್ದನ್ನ ಅವಳು ತಗೊಂಡ್ಲು. ಅವಳು ನಾನಾಗಿ ಮಾತಾಡಿ ಸೀಟು ತಗೊಂಡ್ಲು, ನಾನು ಅವಳಾಗಿ ಮಾತಾಡಿ ಬಿಟ್ಟೆ. ಅಷ್ಟೇ."

"ಮತ್ತೆ ಸ್ಟೇಷನ್ನಿಗೆ ಯಾಕೆ ಕರ್ಕೊಂಡು ಬಂದೆ?"

"ಕೈ ಹಿಡ್ಕೊಂಡು ಬಾರಕ್ಕ ಅಂದ್ಲು. ಅವಳು ಅತ್ತರೆ ನಂಗೆ ತಡೆಯಕ್ಕಾಗಲ್ಲ."

ಮಧ್ಯಾಹ್ನದ ಉರಿ ಶಾಂತಕುಮಾರಿಯವರಲ್ಲಿ ಇಳಿದುಹೋಗಿತ್ತು. ಇಳಿದ ಮೇಲೆ ಉಳಿದಿದ್ದು ಅದಕ್ಕಿಂತ ಕಷ್ಟದ್ದು. ಠಾಣೆಗೆ ದೂರು ಬಂದಿದ್ದು ಒಂದೇ ಮೋಸದ್ದು, ಇನ್ನೊಂದಕ್ಕೆ ಯಾವ ಕಾಯ್ದೆಯಲ್ಲೂ ಸೆಕ್ಷನ್ ಇರಲಿಲ್ಲ.

ಪೊಲೀಸರ ಎದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ದನಿಯ ಮಾದರಿ ಬೇಕಾಗುತ್ತದೆ ಎಂದರು. ಕೊಡುತ್ತೇನೆ ಎಂದಳು. ಕಾಲೇಜು ಕೇಳಿದ್ದು ಒಂದೇ ಪ್ರಶ್ನೆ: ಸೀಟು ಬೇಡ ಎಂದವಳು ಅಭ್ಯರ್ಥಿಯೇ ಹೌದೋ ಅಲ್ಲವೋ. ಶಾಂತಕುಮಾರಿ ಎರಡು ಸಲ ಅಟ್ಟದ ಅಂಕಣ ಯಾರದೆಂಬುದನ್ನೂ ಟೈಪ್ ಮಾಡಿ ಎರಡು ಸಲವೂ ಅಳಿಸಿದರು. ಕೊನೆಗೆ 'ಅಲ್ಲ' ಎಂದಷ್ಟೇ ಕಳಿಸಿದರು. ಲಿಖಿತಾಳ ಸೀಟು ಉಳಿಯಿತು.

ಐದು ಗಂಟೆಗೆ ಬಂಧನದ ಪತ್ರಕ್ಕೆ ಗಿರಿಜಾಂಬಿಕಾ ಸಹಿ ಹಾಕಿದಳು. ಜಾಮೀನು ಸಿಗುವ ಅಪರಾಧ, ಬಿಡಿಸಿಕೊಳ್ಳಲು ಯಾರಾದರೂ ಬಂದರೆ ಆಯಿತು.

"ಬಂಧಿಸಿದ್ದನ್ನ ನಿಮ್ಮೋರಿಗೆ ತಿಳಿಸಬೇಕು. ಯಾರಿಗೆ ಹೇಳಲಿ?" ಎಂದರು ಶಾಂತಕುಮಾರಿ.

"ಲಿಖಿತಾಗೆ. ನಾನೇ ಹೇಳ್ತೀನಿ, ಕೊಡಿ."

ಠಾಣೆಯ ಫೋನನ್ನು ಅವಳ ಕಡೆ ಸರಿಸಿದರು. ಆ ಕಡೆಯಿಂದ "ಅಕ್ಕಾ, ಎಲ್ಲಿದೀಯ? ಸೀಟು ಸಿಕ್ತು ಕಣೇ!" ಎಂಬ ಕೂಗು ಮೇಜಿನಾಚೆಗೂ ಕೇಳಿಸಿತು.

"ಗೊತ್ತಾಯ್ತು. ಲಿಖಿ, ಸ್ಟೇಷನ್ನಲ್ಲಿದೀನಿ. ಆವತ್ತು ನಿನ್ನ ಫೋನಲ್ಲಿ ಮಾತಾಡಿದ್ದು ನಾನೇ. ಬಾವಿ ಹತ್ರ ನೀನು ಹೇಳಿದ್ದೆಲ್ಲ ಕೇಳಿಸ್ಕೊಂಡಿದ್ದೆ. ಚಿಕ್ಕಪ್ಪಂಗೆ ಹೇಳು. ಮೂರನೇ ಅಂಕಣದ್ದು ಸೋಮವಾರ ಇಳಿಸಬೇಕು, ಮರೀಬೇಡಿ."

ಆ ಕಡೆಯಿಂದ ಏನಾದರೂ ಮಾತು ಬರಬಹುದು ಎಂದು ಅವಳು ಕಾದಳು. ಬರಲಿಲ್ಲ. ಸಣ್ಣತಿಮ್ಮಯ್ಯ ಗೋಡೆ ಕಡೆ ತಿರುಗಿಕೊಂಡರು.

"ಇಡ್ತೀನಿ ಕಣೇ," ಎಂದು ಗಿರಿಜಾಂಬಿಕಾ ಫೋನ್ ಇಟ್ಟಳು.