ನನ್ನ ತಪ್ಪುಗಳು ನನಗೆ ಬೇಕಿದ್ದವು

ಪರೀಕ್ಷೆಯಿಂದ ಹೊರಬಂದವಳೇ ನೇರ ಅವನ ಮೇಜಿನ ಮುಂದೆ ನಿಂತೆ. ಮೈಯೆಲ್ಲ ಉರಿಯುತ್ತಿತ್ತು.

ನಮ್ಮದು ವಿಶ್ವವಿದ್ಯಾಲಯ ನಡೆಸುವ ಅಭ್ಯಾಸದ ಕಂಪನಿ. ನಾವು ಮಾರುವ ಕುರ್ಚಿ ಮೇಜು ಯಾವುದೂ ನಿಜವಲ್ಲ. ಗಿರಾಕಿಗಳೆಲ್ಲ ಬೇರೆ ಕಾಲೇಜಿನ ವಿದ್ಯಾರ್ಥಿಗಳು. ಅಂಕ ಮಾತ್ರ ನಿಜ. ನಾನು ಸೇಲ್ಸ್, ನನ್ನ ಸಹಪಾಠಿಯಾದ ಅವನು ಮ್ಯಾನೇಜರ್. ನಾನು ಬರೆದ ಪ್ರತಿ ಇಮೇಲನ್ನೂ ಅವನು ಓದಿಯೇ ಹೊರಗೆ ಕಳಿಸಬೇಕು, ತಪ್ಪಿದ್ದರೆ ನನಗೇ ವಾಪಸ್ ಕೊಡಬೇಕು. ಇಡೀ ಸೆಮಿಸ್ಟರ್‌ನಲ್ಲಿ ಒಂದೂ ವಾಪಸ್ ಬರಲಿಲ್ಲ. ನಾನೆಷ್ಟು ಜಾಣೆ ಎಂದು ಉಬ್ಬಿಹೋಗಿದ್ದೆ.

ಇವತ್ತಿನ ಪರೀಕ್ಷೆಯಲ್ಲಿ ನಮ್ಮ ಮೇಡಂ ಗಿರಾಕಿಯಂತೆ ಫೋನ್ ಮಾಡಿದರು. "ಹದಿನೆಂಟು ಕುರ್ಚಿ ಕೇಳಿದ್ರೆ ಎಂಬತ್ತು ಕಳ್ಸಿದೀರಲ್ರೀ! ಬುದ್ಧಿ ಇದ್ಯಾ?"

ನಾನು "ಕ್ಷಮಿಸಿ" ಎಂದಷ್ಟೇ ತಡವರಿಸಿದೆ. ಸಿಟ್ಟಾದ ಗಿರಾಕಿಯ ಜೊತೆ ನಾನು ಒಮ್ಮೆಯೂ ಮಾತಾಡಿರಲಿಲ್ಲ. ಆಮೇಲೆ ಮೇಡಂ ನಾನು ಬರೆದ ಮೇಲ್‌ಗಳನ್ನೂ ಹೊರಗೆ ಹೋದವನ್ನೂ ಪಕ್ಕಪಕ್ಕ ತೋರಿಸಿದರು. ನಲವತ್ತೊಂದು ಕಡೆ ಅವನು ಗುಟ್ಟಾಗಿ ತಿದ್ದಿದ್ದ. ನಾನು ಫೇಲ್.

"ಯಾರೋ ಹೇಳಿದ್ದು ನಿಂಗೆ ತಿದ್ದೋಕೆ?"

"ನಿಂಗೆ ಬೇಜಾರಾಗ್ಬಾರ್ದು ಅಂತ..."

"ಬೇಜಾರಾಗಿ ಕಲೀಲಿ ಅಂತ್ಲೇ ಈ ಕಂಪನಿ ಇಟ್ಟಿರೋದು! ಪಕ್ಕದ್ ಮೇಜಿನವ್ಳು ವಾರಕ್ಕೊಂದ್ಸಲ ಬೈಸ್ಕೊಂಡು ಅಳ್ತಿದ್ಳು. ಇವತ್ತು ಅವ್ಳೇ ಫಸ್ಟು. ಅವ್ಳದ್ದು ಯಾಕೆ ತಿದ್ಲಿಲ್ಲ?"

ಅವನು ತಲೆ ತಗ್ಗಿಸಿದ. ಕಿವಿಯ ತುದಿ ಕೆಂಪಾಯಿತು. ಆ ಕಿವಿ ಕಂಡು ಇನ್ನಷ್ಟು ಸಿಟ್ಟು ಬಂತು, ನನಗೆ ಅದೆಂದರೆ ಬಲು ಇಷ್ಟ.

"ಅವ್ಳನ್ನ ನಾನು ಪ್ರೀತಿಸ್ತಿಲ್ಲ," ಎಂದ.

ತಿಂಗಳುಗಟ್ಟಲೆ ಕಾದಿದ್ದ ಮಾತು. ಬರಲು ಇದೇ ಗಳಿಗೆ ಬೇಕಿತ್ತೇ? ಕಣ್ಣು ತುಂಬಿತು; ಕೋಪ ಇಳಿಯಲಿಲ್ಲ.

"ನಂಗೂ ನೀನಂದ್ರೆ ಪ್ರಾಣ. ಅದಕ್ಕೇ ಇಷ್ಟು ಉರೀತಿರೋದು. ನನ್ನ ಕೈಲಾಗಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಯಲ್ಲ!"

"ತಪ್ಪಾಯ್ತು ಕಣೇ. ಏನ್ ಮಾಡ್ಲಿ ಹೇಳು."

"ಮುಂದಿನ ತಿಂಗ್ಳು ಮರುಪರೀಕ್ಷೆ ಇದೆ. ಅಲ್ಲೀವರ್ಗೂ ದಿನಾ ಗಿರಾಕಿಯಾಗಿ ನನ್ನ ಬೈಬೇಕು. ಈಗ್ಲೇ ಶುರು ಮಾಡು."

ಅವನು ಗಂಟಲು ಸರಿಮಾಡಿಕೊಂಡ. "ಏನ್ರೀ... ನಮ್ ಕುರ್ಚಿ..."

"ಇದು ಬೈಗುಳನಾ? ಜೋಗುಳ ಹಾಡ್ತಿದೀಯಾ?"

"ಏನ್ರೀ ನಿಮ್ ಕಂಪನಿ! ನಮ್ ಕುರ್ಚಿ ಎಲ್ರೀ?" ಎಂದು ಅಬ್ಬರಿಸಿದ. ಇಡೀ ಕೋಣೆ ತಿರುಗಿ ನೋಡಿತು.

"ಕ್ಷಮಿಸಿ ಸಾರ್, ಅದು..." ಮತ್ತೆ ತಡವರಿಸಿದೆ.

ನಾನು ಹೇಳಬೇಕಿದ್ದ ಉತ್ತರ ಅವನ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು, ತುಟಿ ಕಚ್ಚಿ, ಒಂದಕ್ಷರ ಆಡದೆ ನನ್ನ ಮುಖವನ್ನೇ ನೋಡುತ್ತ ಕಾದ.