ಅಗೆದುಹಾಕಿದ ಒಲೆ

ಕ್ಯಾನ್ವಾಸ್ ಹೊಲಿಯುವವನ ಬೆರಳಿಗೆ ಸೂಜಿ ಚುಚ್ಚುವುದು ಹೊಸದೇನಲ್ಲ. ಆದರೆ ಆ ಬೆಳಿಗ್ಗೆ ಕಾಡಿನ ಶಾಲೆಯ ಮೇಷ್ಟ್ರ ಮಗಳು ಅಂಗಡಿಯ ಬಾಗಿಲಲ್ಲಿ ನಿಂತು, "ಸಿಸ್ಟರ್ ಮೇಲಿದ್ದಾರಾ?" ಎಂದು ಕೇಳಿದ ದನಿಗೆ ನಾನು ಸೂಜಿಯನ್ನು ಉಗುರಿನ ತನಕ ಇಳಿಸಿಕೊಂಡೆ. ಹುಡುಗಿ ಅಷ್ಟು ಅತ್ತಿದ್ದಳು.

ಸಿಸ್ಟರ್ ಎಂದರೆ ನನ್ನ ಅಕ್ಕ. ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸ್ ಆಗಿ ಜೀವ ಸವೆಸಿ, ನಿವೃತ್ತಳಾದ ಮೇಲೆ ನನ್ನ ಅಂಗಡಿಯ ಮೇಲಿನ ಕೋಣೆ ಸೇರಿದ್ದಳು. ಬೀದಿಯಲ್ಲಿ ಏನೇ ಕಳೆದರೂ ಜನ ಪೊಲೀಸ್ ಠಾಣೆಗಿಂತ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಅವಳ ಚೀಲ ಹೊತ್ತು ಹಿಂದೆ ಹಿಂದೆ ಓಡಾಡುವ ಕೆಲಸ ನನ್ನದು. ಅದರಲ್ಲಿ ನನಗೆ ಒಳಗೊಳಗೇ ಹೆಮ್ಮೆ; ಅವಳೆದುರು ಮಾತ್ರ ಗೊಣಗುತ್ತಿದ್ದೆ.

ಮೇಷ್ಟ್ರ ಶಾಲೆ ಊರಾಚೆ ಕಾಡಿನ ಅಂಚಿನಲ್ಲಿತ್ತು. ಕಡ್ಡಿಪೆಟ್ಟಿಗೆಯಿಲ್ಲದೆ ಚಕಮಕಿ ಕಲ್ಲಿನಿಂದ ಬೆಂಕಿ ಹೊತ್ತಿಸುವುದು, ಕೊಡಲಿ ಹಿಡಿಯುವುದು, ಡೇರೆ ಹಾಕುವುದು, ಹಗ್ಗಕ್ಕೆ ಗಂಟು ಬಿಗಿಯುವುದು ಅಲ್ಲಿನ ಪಾಠ. ಡೇರೆಗಳೆಲ್ಲ ನನ್ನ ಹೊಲಿಗೆಯವೇ. ಮೇಷ್ಟ್ರಿಗೆ ವಯಸ್ಸಾಗಿತ್ತು, ಶಾಲೆಯನ್ನು ಮಗಳಿಗೆ ಕೊಡಬೇಕೋ, ಚಿಕ್ಕಂದಿನಿಂದ ಜೊತೆಗಿದ್ದ ಹಿರಿಯ ಶಿಷ್ಯನಿಗೋ ಎಂಬುದು ತೀರ್ಮಾನವಾಗಬೇಕಿತ್ತು. ಆ ಶಿಷ್ಯ ನಾಲ್ಕು ಗೋಡೆಗಳ ನಡುವೆ ಮಲಗಿದವನೇ ಅಲ್ಲ, ಹಾಗಾಗಿ ಎಲ್ಲರೂ ಅವನನ್ನು ಡೇರೆಯವ ಎನ್ನುತ್ತಿದ್ದರು.

"ಅಪ್ಪ ಪಂದ್ಯ ಇಟ್ರು ಸಿಸ್ಟರ್," ಎಂದಳು ಹುಡುಗಿ. "ಸಂಜೆ ಇಬ್ರೂ ಒಲೆ ಹೂಡಿ, ಕೆಂಡಕ್ಕೆ ಬೂದಿ ಮುಚ್ಚಿಡಬೇಕು. ಬೆಳಿಗ್ಗೆ ಅದೇ ಕೆಂಡದಿಂದ ಉರಿ ಎಬ್ಬಿಸಬೇಕು. ಯಾರ ಕೆಂಡ ಜೀವಂತ ಇರುತ್ತೋ ಅವರಿಗೆ ಶಾಲೆ. ನಾನು ಮನೇಲಿ ಮಲಗಿದ್ದೆ. ಬೆಳಿಗ್ಗೆ ಹೋಗಿ ನೋಡಿದ್ರೆ ನನ್ನ ಒಲೇನ ಯಾರೋ ಅಗೆದು, ನೀರು ಸುರಿದು, ಕೆಸರು ಮಾಡಿಬಿಟ್ಟಿದ್ದಾರೆ. ಡೇರೆ ಅಣ್ಣನ ಬಕೆಟ್ ಒದ್ದೆಯಾಗಿದೆ. ಕೈ ಸುಟ್ಟಿದೆ. ಕೇಳಿದ್ರೆ ಬಾಯೇ ಬಿಡಲ್ಲ. ಸಂಜೆಯೊಳಗೆ ಜಾಗ ಖಾಲಿ ಮಾಡು, ಕಳ್ಳ ಅಂತ ಅಪ್ಪ ಹೇಳಿಬಿಟ್ರು."

"ಸೋತವಳು ನೀನು. ಅವನ ಪರ ಅಳ್ತಿರೋದೂ ನೀನೇ," ಎಂದಳು ಅಕ್ಕ.

"ನನಗೆ ಕೊಡಲಿ ಹಿಡಿಯೋದು ಕಲಿಸಿದ್ದೇ ಅಣ್ಣ. ಇಲ್ಲಿಂದ ಹೋದ್ರೆ ಅವರಿಗೆ ಬೇರೆ ಮನೆ ಇಲ್ಲ."

ಅಕ್ಕ ಚಪ್ಪಲಿ ಮೆಟ್ಟಿದಳು. ನಾನು ಚೀಲ ಎತ್ತಿಕೊಂಡೆ.

ಡೇರೆಯವನ ಒಲೆ ಬಯಲಿನ ನಡುವೆ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಆದರೆ ಗಾಳಿಗೆ ಬೂದಿ ಹಾರಿ, ಕೆಂಡವೆಲ್ಲ ಉರಿದು ಆರಿ ಬೆಳ್ಳಗಾಗಿತ್ತು. ಹುಡುಗಿಯ ಒಲೆ ಇದ್ದದ್ದು ಒಂದು ಹಳೆಯ ಮರದ ಬುಡದಲ್ಲಿ, ಗಾಳಿಗೆ ಮರೆಯಾಗಿ. ಅಲ್ಲಿ ಉಳಿದಿದ್ದು ಕೆಸರಿನ ಗುಂಡಿ ಮಾತ್ರ. ಒಲೆಯ ಕಲ್ಲುಗಳನ್ನು ಪಕ್ಕದಲ್ಲಿ ಒಂದರ ಮೇಲೊಂದು ಇಟ್ಟಿದ್ದರು. ಗುಂಡಿಯಿಂದ ಮರದ ಆಚೆಯ ತರಗೆಲೆಗಳ ಕಡೆಗೆ ಅಂಕುಡೊಂಕಾಗಿ ಒಂದು ಸಣ್ಣ ಕಾಲುವೆಯಂಥ ಗುರುತು ಹೋಗಿತ್ತು. ಅಗೆದು ಮತ್ತೆ ಮುಚ್ಚಿ ತುಳಿದ ಮಣ್ಣು. ತೊರೆಯಿಂದ ಇಲ್ಲಿಯ ತನಕ ಕಾಲುದಾರಿ ರಾಡಿಯಾಗಿತ್ತು.

"ಎಷ್ಟು ದ್ವೇಷ ನೋಡಿ," ಎಂದರು ಮೇಷ್ಟ್ರು. "ಒಂದು ಕೊಡ ನೀರು ಸುರಿದ್ರೆ ಸಾಕಿತ್ತು. ಬುಡಮೇಲು ಮಾಡಿದ್ದಾನೆ."

ಹುಡುಗಿಯ ಸೋದರಮಾವ ಅಲ್ಲೇ ಮಡಚುವ ಕುರ್ಚಿಯಲ್ಲಿ ಕೂತಿದ್ದ. ಪೇಟೆಯಲ್ಲಿ ನೈಲಾನ್ ಡೇರೆ, ಗ್ಯಾಸ್ ಒಲೆ ಮಾರುವ ಅಂಗಡಿ ಅವನದು. ಈ ಜಾಗದ ಮೇಲೆ ಅವನ ಕಣ್ಣಿದ್ದದ್ದು ಊರಿಗೇ ಗೊತ್ತು. "ನಾನಂತೂ ನಿದ್ದೆ ಮಾಡ್ತಿದ್ದೆ," ಎಂದ, ಯಾರೂ ಕೇಳದಿದ್ದರೂ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇವನೇ ಎಂದು ನಾನು ಅಕ್ಕನ ಕಿವಿಯಲ್ಲಿ ಉಸುರಿದೆ. ಒಲೆ ಕೆಡಿಸಿ, ತಪ್ಪನ್ನು ಶಿಷ್ಯನ ತಲೆಗೆ ಕಟ್ಟಿ, ಶಾಲೆ ಒಡೆದರೆ ಜಾಗ ಇವನ ಪಾಲು.

"ಅವನ ಬೂಟು ನೋಡೋ," ಎಂದಳು ಅಕ್ಕ. ಬಿಳಿ ಬೂಟು, ಕೆಸರಿನ ಒಂದು ಚುಕ್ಕೆಯೂ ಇಲ್ಲ. "ಅದು ಅಗೆಯೋ ಆಸಾಮಿ ಅಲ್ಲ ತಮ್ಮ."

ಆಮೇಲೆ ಅವಳು ಡೇರೆಯವನ ಹತ್ತಿರ ಹೋದಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. "ಗಾಯಕ್ಕೆ ಮುಲಾಮು ಹಚ್ಚೋಕೆ ಜಾತಕ ಕೇಳಲ್ಲ ನಾನು. ಕೊಡಪ್ಪ ಕೈ," ಎಂದಳು. ಅಂಗೈ ಚೆನ್ನಾಗಿತ್ತು. ಬೊಬ್ಬೆ ಎದ್ದದ್ದು ಬೆರಳುಗಳ ಹಿಂಬದಿಯಲ್ಲಿ. ಅಕ್ಕ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು, ಏನೂ ಕೇಳಲಿಲ್ಲ. ಆಮೇಲೆ ನನ್ನ ಕೈಗೆ ಸಲಿಕೆ ಕೊಟ್ಟು, ಆ ಅಂಕುಡೊಂಕು ಗುರುತಿನ ಕೊನೆಯಲ್ಲಿ ಅಗೆಯಲು ಹೇಳಿದಳು. ಬೆನ್ನು ನೋವಿನವನು ನಾನು ಎಂಬುದು ಅವಳಿಗೆ ಯಾವತ್ತೂ ನೆನಪಿರುವುದಿಲ್ಲ. ಸಿಕ್ಕಿದ್ದನ್ನು ಅವಳು ಟವೆಲ್ಲಿನಲ್ಲಿ ಸುತ್ತಿಟ್ಟುಕೊಂಡಳು.

ಸಂಜೆ ಎಲ್ಲರೂ ದೊಡ್ಡ ಡೇರೆಯಲ್ಲಿ ಸೇರಿದೆವು. ಡೇರೆಯವ ತನ್ನ ಗಂಟುಮೂಟೆ ಹಗ್ಗದಲ್ಲಿ ಬಿಗಿದು ಪಕ್ಕಕ್ಕಿಟ್ಟುಕೊಂಡಿದ್ದ.

"ಒಲೆ ಅಗೆದವನು ಇವನೇ," ಎಂದಳು ಅಕ್ಕ, ಡೇರೆಯವನನ್ನು ತೋರಿಸಿ.

ಹುಡುಗಿ ಮುಖ ಮುಚ್ಚಿಕೊಂಡಳು. ಮೇಷ್ಟ್ರು ಮಾತ್ರ, "ನಾನು ಹೇಳಲಿಲ್ವೇ?" ಎಂದರು.

"ಹೇಳಿದ್ರಿ. ದ್ವೇಷ ಅಂದ್ರಿ. ಆಸ್ಪತ್ರೇಲಿ ನಾನು ಎರಡು ಥರದ ಗಾಯ ನೋಡಿದೀನಿ ಮೇಷ್ಟ್ರೇ. ಒಂದು ಚಾಕು ಹಾಕಿದ್ದು, ಇನ್ನೊಂದು ಆಪರೇಷನ್ ಮಾಡಿದ್ದು. ಎರಡರಲ್ಲೂ ರಕ್ತ ಬರುತ್ತೆ. ಆದ್ರೆ ಡಾಕ್ಟರ ಗಾಯಕ್ಕೆ ಒಂದು ದಾರಿ ಇರುತ್ತೆ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿ ನಿಲ್ಲುತ್ತೆ. ದ್ವೇಷದಿಂದ ಒಲೆ ಕೆಡವಿದವನು ಕಲ್ಲುಗಳನ್ನ ಒದೀತಾನೆ. ಇವನು ಜೋಡಿಸಿಟ್ಟಿದ್ದಾನೆ. ಕದ್ದು ಬಂದವನು ಒಂದು ಬಕೆಟ್ ಸುರಿದು ಓಡ್ತಾನೆ. ಇವನು ದಾರಿ ರಾಡಿಯಾಗೋ ತನಕ ನೀರು ಹೊತ್ತಿದ್ದಾನೆ. ಬೆಂಕಿ ಪೂರ್ತಿ ಆರಿದೆಯಾ ಅಂತ ನೋಡೋಕೆ ನಿಮ್ಮ ಶಾಲೇಲಿ ಏನು ಕಲಿಸ್ತೀರಿ?"

ಮಗಳು ಹೇಳಿದಳು: "ಬೂದಿ ಕಲಕಿ, ಬೆರಳ ಹಿಂಬದಿಯಿಂದ ಮುಟ್ಟಿ ನೋಡಬೇಕು."

"ಅವನ ಬೊಬ್ಬೆ ಅಲ್ಲೇ ಇದೆ. ಗೆಲ್ಲೋ ಆಸೆ ಇದ್ದವನು ತನ್ನ ಕೆಂಡ ಕಾಯ್ತಿದ್ದ. ಗಾಳಿಗೆ ಬೂದಿ ಹಾರಿದಾಗ ಮತ್ತೆ ಮುಚ್ಚೋಕೆ ಇವನು ಅಲ್ಲಿ ಇರಲೇ ಇಲ್ಲ. ಹಾಗಾದ್ರೆ ಎಲ್ಲಿದ್ದ?" ಅಕ್ಕ ಟವೆಲ್ ಬಿಚ್ಚಿದಳು. ಒಳಗಿದ್ದದ್ದು ತೋಳುದ್ದದ ಒಂದು ಬೇರು. ಒಂದು ತುದಿ ಕೊಡಲಿಯ ಒಂದೇ ಏಟಿಗೆ ತುಂಡಾಗಿತ್ತು; ಇನ್ನೊಂದು ತುದಿ ಇದ್ದಿಲಾಗಿತ್ತು. "ಒಲೆ ಹೂಡಿದ್ದು ಒಣಬೇರಿನ ಮೇಲೆ. ಕೆಂಡ ಬೇರಿಗೆ ಹತ್ತಿ, ಮಣ್ಣಿನ ಒಳಗೊಳಗೇ ತರಗೆಲೆ ಕಡೆ ಹೊರಟಿತ್ತು. ಇವನು ಹೊಗೆ ವಾಸನೆ ಹಿಡಿದು, ಆ ಬೇರಿನ ಹಿಂದೆಯೇ ಅಗೆದುಕೊಂಡು ಹೋಗಿ ಕಡಿದಿದ್ದಾನೆ. ಅದಕ್ಕೇ ಆ ಕಾಲುವೆ ಅಂಕುಡೊಂಕು."

"ಪಂದ್ಯಕ್ಕೆ ಅಂತ ಒಂದೆರಡು ಕೆಂಡ ಎತ್ತಿಡಬಹುದಿತ್ತಲ್ಲಪ್ಪ," ಎಂದ ಸೋದರಮಾವ. "ಇಲ್ಲಾ ಬಂದು ಎಬ್ಬಿಸಬಹುದಿತ್ತು."

ಡೇರೆಯವ ಮೊದಲ ಸಲ ಬಾಯಿ ಬಿಟ್ಟ. "ಮನೆ ತನಕ ಓಡಿ ಬರೋದರೊಳಗೆ ಎಲೆಗೆ ಹತ್ತಿಬಿಡ್ತಿತ್ತು. ಪಂದ್ಯ ನನಗೆ ನೆನಪೇ ಆಗಲಿಲ್ಲ."

"ಮತ್ತೆ ಬೆಳಿಗ್ಗೆ ಹೇಳೋಕೇನಾಗಿತ್ತು?" ಎಂದು ನಾನೇ ಕೇಳಿಬಿಟ್ಟೆ. ನನಗೆ ತಡೆಯಲಾಗಲಿಲ್ಲ.

ಉತ್ತರ ಹೇಳಿದ್ದು ಅಕ್ಕ. "ಹೇಳಿದ್ರೆ ಮುಂದಿನ ಪ್ರಶ್ನೆ ಬರ್ತಿತ್ತು. ಮರದ ಬುಡದಲ್ಲಿ ಒಲೆ ಹೂಡಬಾರದು ಅಂತ ಇಲ್ಲಿನ ಮೊದಲ ದಿನದ ಪಾಠ. ಹಾಗಿದ್ದೂ ಆ ಜಾಗ ತೋರಿಸಿದ್ದು ಯಾರು?"

ಹುಡುಗಿ ನಿಧಾನವಾಗಿ ತಂದೆಯ ಕಡೆ ತಿರುಗಿದಳು. "ಅಪ್ಪಾ, ಬೇರು ಇರಬಹುದು ಅಂತ ನಾನು ಕೇಳ್ದೆ. ಏನೂ ಆಗಲ್ಲ, ಹೂಡು ಅಂದ್ರಿ."

"ಅಲ್ಲಿ ಗಾಳಿ ತಾಗಲ್ಲ," ಎಂದರು ಮೇಷ್ಟ್ರು. ಅವರ ದನಿ ಪೂರ್ತಿ ಇಳಿದಿತ್ತು. "ಅವನನ್ನ ಬಯಲಿಗೆ ಹಾಕಿದೆ. ನಿನ್ನ ಕೆಂಡ ಉಳೀಲಿ ಅಂತ."

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದು ಸೋದರಮಾವ ಗೊಣಗಿದ. ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು.

"ನನಗೆ ಈ ಶಾಲೆ ಬೇಡ ಅಪ್ಪ," ಎಂದಳು ಹುಡುಗಿ. "ಗೊತ್ತಿದ್ದೂ ನೀವು ಹೇಳಿದ್ರಿ ಅಂತ ಹೂಡಿದೆನಲ್ಲ, ಅದು ನನ್ನ ತಪ್ಪು. ನಾನಿನ್ನೂ ಕಲೀಬೇಕು. ಅಣ್ಣ ನಡೆಸಲಿ."

ಡೇರೆಯವ ಎದ್ದ. ಅವನ ಕಣ್ಣು ತುಂಬಿತ್ತು. "ಶಾಲೆ ಯಾರಿಗಾದ್ರೂ ಹೋಗಲಿ ಮೇಷ್ಟ್ರೇ. ಕಳ್ಳ ಅಂದ್ರಲ್ಲ, ಅದು ನೋಯ್ತು. ಬೇರೆ ಯಾರು ಅಂದಿದ್ರೂ ನೋಯ್ತಿರಲಿಲ್ಲ." ಅವನು ಮೂಟೆಗೆ ಕೈ ಹಾಕಿದ.

ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನದಲ್ಲಿ ಬಾರದು ಎನ್ನುತ್ತಾರೆ. ಮೇಷ್ಟ್ರಿಗೆ ಅದು ಆ ಕ್ಷಣ ಗೊತ್ತಾಗಿರಬೇಕು. ಕೋಲನ್ನು ಪಕ್ಕಕ್ಕೆ ಬಿಟ್ಟು, ಶಿಷ್ಯನ ಮುಂದೆ ನೆಲದ ಮೇಲೆ ಕೂತರು. ಅವನ ಕೈಯನ್ನು ಮೆಲ್ಲಗೆ ಸರಿಸಿ, ಮೂಟೆಯ ಹಗ್ಗದ ಗಂಟು ಬಿಚ್ಚತೊಡಗಿದರು. ಅದು ಅವರೇ ಕಲಿಸಿದ ಗಂಟು, ಎಳೆದಷ್ಟೂ ಬಿಗಿಯಾಗುವಂಥದ್ದು. ಮುದಿ ಬೆರಳುಗಳು ಮತ್ತೆ ಮತ್ತೆ ಜಾರಿದವು. ಮಗಳು ಮುಂದೆ ಬಾಗಿದಾಗ ಬೇಡವೆಂದು ತಲೆಯಾಡಿಸಿದರು.

ಡೇರೆಯವ ಬಹಳ ಹೊತ್ತು ನೋಡುತ್ತ ನಿಂತಿದ್ದ. ಆಮೇಲೆ ಅವನೂ ಎದುರಿಗೆ ಕೂತು, ಬಟ್ಟೆ ಸುತ್ತಿದ ಕೈಯಿಂದಲೇ ಹಗ್ಗದ ಇನ್ನೊಂದು ತುದಿಯನ್ನು ಸಡಿಲಿಸಿ ಹಿಡಿದ.