ಅಡುಗೆಮನೆಯೊಳಗಿನ ಜನರೇಟರು

೧೯೬೫ರ ಏಪ್ರಿಲ್ ೨೦, ಸಂಜೆ ಐದೂ ನಲವತ್ತು. ಗುಡ್ನಾಪುರದ ರೈತ ಚಂದ್ರಶೇಖರಪ್ಪ ಬನವಾಸಿ ಠಾಣೆಗೆ ಬಂದರು.

"ನನ್ನ ಮಗಳಿಗೆ ಅಳಿಯ ವಿಷ ಹಾಕ್ಯಾನ್ರಿ. ಬರಕೊಳ್ರಿ."

ಸಬ್ ಇನ್ಸ್‌ಪೆಕ್ಟರ್ ಪರಮೇಶ್ವರಪ್ಪ ಎಫ್‌ಐಆರ್ ದಾಖಲಿಸಿ, ಹವಾಲ್ದಾರ ದ್ಯಾಮಪ್ಪನೊಡನೆ ಆರೂ ಹತ್ತಕ್ಕೆ ಅಳಿಯನ ಮನೆ ತಲುಪಿದರು. ಅಳಿಯ ಅಂದಾನಪ್ಪ ಮದುವೆ, ನಾಟಕಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವವನು. ಮುಂದಿನ ಕೋಣೆಯ ಮಂಚದ ಮೇಲೆ ಅವನ ಹೆಂಡತಿ ಗೌರಕ್ಕನ ಶವವಿತ್ತು. ವಿಷಮಶೀತ ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದವಳು. ತುಟಿ, ಕೆನ್ನೆ ವಿಚಿತ್ರವಾಗಿ ಕೆಂಪಗಿದ್ದವು.

"ಏನು ಉಂಡಿದ್ದಳು?" ಎಂದು ಪರಮೇಶ್ವರಪ್ಪ ಅಂದಾನಪ್ಪನನ್ನು ಕೇಳಿದರು.

"ಗಂಜಿರಿ. ಒಂದ ಪಾತ್ರಿಯೊಳಗಿಂದು ಇಬ್ರೂ ಉಂಡ್ವಿ."

ಪಂಚರ ಸಮಕ್ಷಮ ಹುಡುಕಾಟ ನಡೆಯಿತು. ಮಂಚದ ಮೇಲೆ ತೂಗುತ್ತಿದ್ದ ಪಂಜರದಲ್ಲಿ ಗಿಳಿಯೂ ಸತ್ತು ಬಿದ್ದಿತ್ತು. ಬಟ್ಟಲಿನ ಕಾಳು ಹಾಗೇ ಇತ್ತು.

"ಸಾಹೇಬ್ರ, ಗಿಳಿ ಏನೂ ತಿಂದಿಲ್ಲ," ಎಂದ ದ್ಯಾಮಪ್ಪ.

ಪರಮೇಶ್ವರಪ್ಪ ಅಡುಗೆಮನೆಗೆ ನಡೆದರು. ನೆಲದ ಮೇಲೆ ಪೆಟ್ರೋಲ್ ಜನರೇಟರು. ಟ್ಯಾಂಕು ಖಾಲಿ, ಗೋಡೆಗೆ ಹೊಸ ಮಸಿ. ಕಿಟಕಿ, ಹಿತ್ತಲ ಬಾಗಿಲು ಮುಚ್ಚಿದ್ದವು. ಮುಂದಿನ ಕೋಣೆಗೆ ಹೋಗುವ ಬಾಗಿಲಿಗೆ ಕೌದಿ ಇಳಿಬಿಡಲಾಗಿತ್ತು. ಜನರೇಟರಿನಿಂದ ತಂತಿಯೊಂದು ಮುಂದಿನ ಕೋಣೆಯ ಮೇಜಿನ ಫ್ಯಾನಿಗೆ ಹೋಗಿತ್ತು. ಮಧ್ಯಾಹ್ನ ಒಂದರಿಂದ ನಾಲ್ಕೂವರೆಯವರೆಗೆ ಊರಲ್ಲಿ ಕರೆಂಟ್ ಇರಲಿಲ್ಲ.

ಮರುದಿನ ಶಿರಸಿಯಲ್ಲಿ ಮರಣೋತ್ತರ ಪರೀಕ್ಷೆಯಾಯಿತು. ಹೊಟ್ಟೆಯಲ್ಲಿ ವಿಷವಿರಲಿಲ್ಲ. "ಎಂಜಿನ್ನಿನ ಹೊಗೆಯಲ್ಲಿರೋ ವಿಷಗಾಳಿ," ಎಂದರು ವೈದ್ಯರು. "ಅದಕ್ಕೆ ವಾಸನೆ ಇಲ್ಲ. ಮುಚ್ಚಿದ ಮನೇಲಿ ನಿದ್ದೆಯಲ್ಲೇ ಕೊಲ್ಲುತ್ತೆ."

ಸಂಜೆ ಅಂದಾನಪ್ಪನನ್ನು ಠಾಣೆಗೆ ಕರೆಸಿದರು.

"ಯಂತ್ರ ಎಷ್ಟು ವರ್ಷದಿಂದ ಐತಿ?"

"ಮೂರು."

"ಒಳಗ ಇಡಬಾರದು ಅಂತ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ. ಹುಬ್ಬಳ್ಳಿಯೊಳಗ ಮಾರಿದವ್ರು ಹೇಳಿದ್ರು. ನಾನೂ ಎಲ್ಲಾರಿಗೂ ಬಯಲಾಗ ಇಡ್ರಿ ಅಂತಿದ್ದೆ."

"ಮತ್ತ?"

"ಹನ್ನೊಂದು ದಿನ ಆಕಿ ನಿದ್ದಿ ಮಾಡಿರಲಿಲ್ರಿ. ಫ್ಯಾನ್ ಇದ್ರ ಕಣ್ಣು ಹತ್ತತಿತ್ತು, ಯಂತ್ರ ಮುಂದ ಕಟ್ಟಿ ಮ್ಯಾಲಿಟ್ರ ಸಪ್ಪಳಕ್ಕ ಎಚ್ಚರ ಆಗತಿತ್ತು. ಹಿತ್ತಲಕ್ಕ ತಂತಿ ಮುಟ್ಟತಿರಲಿಲ್ಲ. ಒಂದು ತಾಸಿಗೆ ಏನಾಗ್ತತಿ ಅಂದುಕೊಂಡು ಅಡಿಗಿಮನ್ಯಾಗ ಇಟ್ಟು, ಸಪ್ಪಳ ಕೇಳಬಾರದಂತ ಕೌದಿ ಇಳಿಬಿಟ್ಟೆ. ಮಲಗಿದ್ಲು. ಎಬ್ಬಸಾಕ ಮನಸ್ಸಾಗಲಿಲ್ಲ."

ಭಾರತ ದಂಡ ಸಂಹಿತೆಯ ೩೦೪-ಎ ಕಲಮಿನಡಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದನೆಂದು, ಏಳು ಗಂಟೆಗೆ ಅವನನ್ನು ಬಂಧಿಸಲಾಯಿತು. ಹೊರಗೆ ಕುಳಿತಿದ್ದ ಚಂದ್ರಶೇಖರಪ್ಪ ಎದ್ದು ನಿಂತರು.

"ವಿಷ ಅಲ್ಲಂದ್ರ ಅವನ್ನ ಬಿಟ್ಟುಬಿಡ್ರಿ ಸಾಹೇಬ್ರ."

"ಬರೋದಿಲ್ಲ, ಗೌಡ್ರ. ಜೀವ ಹೋಗೇತಿ."

ಎದುರುಮನೆಯ ಮುರಿಗೆವ್ವನ ಹೇಳಿಕೆಯನ್ನು ದ್ಯಾಮಪ್ಪ ಕಡತಕ್ಕೆ ಸೇರಿಸಿದ. ಆ ಮಧ್ಯಾಹ್ನ ಅಂದಾನಪ್ಪ ಬಾಗಿಲು ಮುಂದೆಳೆದು ಕಟ್ಟೆಯ ಮೇಲೆ ಕುಳಿತಿದ್ದ. ಬಳೆಗಾರನಿಗೆ ಕೂಗಬೇಡವೆಂದು ಕೈಸನ್ನೆ ಮಾಡಿದ್ದ. ಚಕ್ಕಡಿಯೊಂದು ಬಂದಾಗ ಇಳಿದು ಹೋಗಿ, ಮನೆ ದಾಟುವವರೆಗೂ ಎತ್ತುಗಳ ಕೊರಳಗಂಟೆಗಳನ್ನು ಎರಡೂ ಕೈಯಿಂದ ಹಿಡಿದುಕೊಂಡು ನಡೆದಿದ್ದ.